ಕಂಪ್ಯೂಟರ್ ಏಳುವುದಕ್ಕೂ ಮಲಗುವುದಕ್ಕೂ ಏಕಿಷ್ಟು ಹೊತ್ತು?

ಪವರ್ ಬಟನ್ ಒತ್ತಿದ ಗಳಿಗೆಯಿಂದ ಕಂಪ್ಯೂಟರ್ ಕೆಲಸಕ್ಕೆ ಒದಗುವವರೆಗೆ ನಾಲ್ಕು ಹಂತಗಳು ಒಂದರ ಹಿಂದೊಂದು ಸಾಗುತ್ತವೆ. ಮೊದಲ ಹಂತ ಮದರ್‌ಬೋರ್ಡಿನ ಚಿಪ್ಪಿನೊಳಗಿರುವ ಫರ್ಮ್‌ವೇರಿನದು. ರ‍್ಯಾಮ್, ಕೀಬೋರ್ಡ್, ಡಿಸ್ಕ್ ಇವೆಲ್ಲ ಹಾಜರಿವೆಯೇ ಎಂದು ಅದು ತಪಾಸಣೆ ಮಾಡುತ್ತದೆ. ಇದಕ್ಕೆ ಹಿಂದೆ ಬಯೋಸ್ ಎಂಬ ಹೆಸರಿತ್ತು. ಈಗಿನ ಯಂತ್ರಗಳಲ್ಲಿ ಅದರ ಜಾಗಕ್ಕೆ ಯುಇಎಫ್ಐ ಬಂದಿದ್ದರೂ ಜನರ ಬಾಯಲ್ಲಿ ಹಳೆಯ ಹೆಸರೇ ಉಳಿದಿದೆ. ಎರಡನೆಯ ಹಂತದಲ್ಲಿ ವಿಂಡೋಸಿನ ತಿರುಳಾದ ಕರ್ನೆಲ್ ಮತ್ತು ಯಂತ್ರದ ಬಿಡಿಭಾಗಗಳನ್ನು ನಡೆಸುವ ಡ್ರೈವರ್‌ಗಳು ಡಿಸ್ಕಿನಿಂದ ರ‍್ಯಾಮ್‌ಗೆ ಬರುತ್ತವೆ. ಮೂರನೆಯದರಲ್ಲಿ ತೆರೆಮರೆಯ ಸೇವೆಗಳು, ಅಂದರೆ ಸರ್ವಿಸ್‌ಗಳು, ಎದ್ದು ಲಾಗಿನ್ ಪರದೆ ಕಾಣಿಸುತ್ತದೆ. ಪಾಸ್‌ವರ್ಡ್ ಕೊಟ್ಟ ಮೇಲೆ ಡೆಸ್ಕ್‌ಟಾಪ್ ಮೂಡಿ, ಆರಂಭದಲ್ಲೇ ಓಡಬೇಕೆಂದು ಪಟ್ಟಿ ಸೇರಿರುವ ತಂತ್ರಾಂಶಗಳೆಲ್ಲ ತೆರೆದುಕೊಳ್ಳುವುದು ನಾಲ್ಕನೆಯ ಹಂತ.

‘ಕಂಪ್ಯೂಟರ್ ನಿಧಾನ’ ಎಂಬ ದೂರು ಒಂದೇ ಆದರೂ ಈ ನಾಲ್ಕರಲ್ಲಿ ಎಲ್ಲಿ ಹೊತ್ತು ಹೋಗುತ್ತಿದೆ ಎಂಬುದರ ಮೇಲೆ ಮದ್ದು ಬೇರೆಬೇರೆ. ಮೊದಲ ಹಂತದಲ್ಲಿ, ಅಂದರೆ ಪರದೆಯಲ್ಲಿ ಲೋಗೋ ಕಾಣುವಾಗಲೇ, ನಿಲ್ಲುವ ಯಂತ್ರದಲ್ಲಿ ವಿಂಡೋಸನ್ನು ಮತ್ತೆ ಹಾಕಿಸಿದರೂ ಏನೂ ಬದಲಾಗುವುದಿಲ್ಲ. ಡೆಸ್ಕ್‌ಟಾಪ್ ಬಂದ ಮೇಲೆ ತಿಣುಕುವ ಯಂತ್ರದಲ್ಲಿ ಬಯೋಸ್ ಬದಲಿಸಿ ಫಲವಿಲ್ಲ. ಹಾಗಾಗಿ ರಿಪೇರಿಗೆ ಮೊದಲು ಅಳತೆ ಆಗಬೇಕು.

ಮೊದಲ ಸಲಕರಣೆ ಗಡಿಯಾರ

ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಮೂರು ಅಂಕಿಗಳನ್ನು ಬರೆದುಕೊಂಡರೆ ಅರ್ಧ ಪತ್ತೇದಾರಿ ಮುಗಿದಂತೆ. ಬಟನ್ ಒತ್ತಿದಾಗಿನಿಂದ ಲೋಗೋದ ಕೆಳಗೆ ಚುಕ್ಕೆಗಳು ಸುತ್ತತೊಡಗುವವರೆಗೆ ಎಷ್ಟು ಸೆಕೆಂಡು, ಅಲ್ಲಿಂದ ಲಾಗಿನ್ ಪರದೆಯವರೆಗೆ ಎಷ್ಟು, ಪಾಸ್‌ವರ್ಡ್ ಕೊಟ್ಟ ಮೇಲೆ ಬ್ರೌಸರ್ ತಡವರಿಸದೆ ತೆರೆಯುವವರೆಗೆ ಎಷ್ಟು. ಎಸ್ಎಸ್‌ಡಿ ಎಂಬ ಹೊಸ ಬಗೆಯ ಡಿಸ್ಕ್ ಇರುವ ಆರೋಗ್ಯವಂತ ಯಂತ್ರದಲ್ಲಿ ಇವೆಲ್ಲ ಸೇರಿ ಸಾಮಾನ್ಯವಾಗಿ ಅರ್ಧ ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ. ಹಳೆಯ ಹಾರ್ಡ್ ಡಿಸ್ಕ್ ಇದ್ದರೆ ಒಂದೆರಡು ನಿಮಿಷ ಹಿಡಿಯುವುದು ಅಸಹಜವಲ್ಲ. ನಿನ್ನೆಯವರೆಗೆ ನಲವತ್ತು ಸೆಕೆಂಡು ತೆಗೆದುಕೊಳ್ಳುತ್ತಿದ್ದ ಯಂತ್ರ ಇಂದು ಮೂರು ನಿಮಿಷ ತೆಗೆದುಕೊಂಡರೆ ಅದು ರೋಗದ ಲಕ್ಷಣ.

ವಿಂಡೋಸ್ ತಾನೂ ಇಂಥದೊಂದು ಲೆಕ್ಕ ಇಟ್ಟಿರುತ್ತದೆ. ಇವೆಂಟ್ ವ್ಯೂವರ್ ಎಂಬ ದಾಖಲೆ ಪುಸ್ತಕ ತೆರೆದು, ‘ಅಪ್ಲಿಕೇಶನ್ಸ್ ಅಂಡ್ ಸರ್ವಿಸಸ್ ಲಾಗ್ಸ್’ ಕೆಳಗೆ ಮೈಕ್ರೋಸಾಫ್ಟ್, ಅದರೊಳಗೆ ವಿಂಡೋಸ್, ಅದರೊಳಗೆ ಡಯಾಗ್ನಾಸ್ಟಿಕ್ಸ್-ಪರ್ಫಾರ್ಮೆನ್ಸ್, ಕೊನೆಗೆ ಆಪರೇಶನಲ್ ಎಂಬಲ್ಲಿಗೆ ಹೋದರೆ ಸಂಖ್ಯೆ ಹಾಕಿದ ನಮೂದುಗಳು ಸಿಗುತ್ತವೆ. 100 ಎಂಬ ನಮೂದು ಒಂದು ಆರಂಭಕ್ಕೆ ಹಿಡಿದ ಒಟ್ಟು ಸಮಯವನ್ನು ಮಿಲಿಸೆಕೆಂಡುಗಳಲ್ಲಿ ಹೇಳುತ್ತದೆ. 96000 ಎಂದಿದ್ದರೆ 96 ಸೆಕೆಂಡು ಎಂದರ್ಥ. ಇದರ ವಿವರದಲ್ಲಿ ಎರಡು ಪಾಲುಗಳಿರುತ್ತವೆ: ಡೆಸ್ಕ್‌ಟಾಪ್ ಬರುವವರೆಗಿನ ಮುಖ್ಯ ಪಾಲು, ಬಂದ ಮೇಲೆ ಯಂತ್ರ ನಿರಾಳವಾಗುವವರೆಗಿನ ಪಾಲು. ಇದರ ಜತೆಗೆ 101 ಕಂಡರೆ ಯಾವುದೋ ತಂತ್ರಾಂಶ, 102 ಕಂಡರೆ ಡ್ರೈವರ್, 103 ಕಂಡರೆ ಸರ್ವಿಸ್ ಎಂದಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡಿದೆ. ಅದರ ಹೆಸರೂ ಅಲ್ಲೇ ಇರುತ್ತದೆ. ಒಮ್ಮೆ ಕಂಡ ಹೆಸರನ್ನು ಹಿಡಿದು ಹೊರಡುವ ಅಗತ್ಯವಿಲ್ಲ. ನಾಲ್ಕಾರು ದಿನ ಒಂದೇ ಹೆಸರು ಮರಳಿ ಮರಳಿ ಬಂದರೆ ಅದನ್ನು ವಿಚಾರಿಸಬೇಕು.

ಲೋಗೋದಲ್ಲೇ ನಿಂತರೆ

ಮೊದಲ ಅಂಕಿಯೇ ದೊಡ್ಡದಿದ್ದರೆ ವಿಂಡೋಸಿನ ಮೇಲೆ ತಪ್ಪು ಹೊರಿಸುವಂತಿಲ್ಲ. ಅದಿನ್ನೂ ಓಡಲು ಶುರುವೇ ಆಗಿಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ತೆರೆಯುವ ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪುಟದ ಮೇಲ್ಭಾಗದಲ್ಲಿ ‘ಲಾಸ್ಟ್ ಬಯೋಸ್ ಟೈಮ್’ ಎಂಬ ಸಾಲಿರುತ್ತದೆ. ಫರ್ಮ್‌ವೇರ್ ತನ್ನ ಪಾಲಿನ ಕೆಲಸಕ್ಕೆ ತೆಗೆದುಕೊಂಡ ಸೆಕೆಂಡುಗಳು ಅವು.

ಇಲ್ಲಿ ಹೊತ್ತು ನುಂಗುವ ಮೊದಲ ಆರೋಪಿ ಹಿಂದೆ ಸಿಕ್ಕಿಸಿ ಮರೆತ ಪೆನ್‌ಡ್ರೈವ್, ಕಾರ್ಡ್ ರೀಡರ್ ಅಥವಾ ಹೊರಗಿನ ಹಾರ್ಡ್ ಡಿಸ್ಕ್. ಅದರಲ್ಲಿ ವಿಂಡೋಸ್ ಇದೆಯೇ ಎಂದು ಫರ್ಮ್‌ವೇರ್ ತಡಕಾಡುತ್ತದೆ. ಎಲ್ಲ ಯುಎಸ್‌ಬಿ ಸಾಧನಗಳನ್ನು ಕಿತ್ತು, ಕೀಬೋರ್ಡ್ ಮತ್ತು ಮೌಸ್ ಮಾತ್ರ ಉಳಿಸಿ ಆನ್ ಮಾಡಿ ನೋಡಿದರೆ ಉತ್ತರ ಸಿಗುತ್ತದೆ. ವಿಂಡೋಸನ್ನು ಎಲ್ಲೆಲ್ಲಿ ಹುಡುಕಬೇಕೆಂದು ಹೇಳುವ ಫರ್ಮ್‌ವೇರಿನ ಬೂಟ್ ಕ್ರಮದ ಪಟ್ಟಿಯಲ್ಲಿ ನೆಟ್‌ವರ್ಕ್ ಮೊದಲ ಸ್ಥಾನದಲ್ಲಿ ಕೂತಿದ್ದರೂ ಇದೇ ತೊಂದರೆ. ವಿಂಡೋಸ್ ಇರುವ ಡಿಸ್ಕನ್ನು ಮೇಲಕ್ಕೆ ತಂದರೆ ಸಾಕು. ಡಿಡಿಆರ್5 ರ‍್ಯಾಮ್ ಇರುವ ಹೊಸ ಡೆಸ್ಕ್‌ಟಾಪ್‌ಗಳು ಮೊದಲ ಸಲ ಆನ್ ಮಾಡಿದಾಗ, ಇಲ್ಲವೇ ಬಯೋಸ್ ಬದಲಿಸಿದಾಗ, ರ‍್ಯಾಮನ್ನು ಹದಗೊಳಿಸಿಕೊಳ್ಳಲು ಕೆಲವು ನಿಮಿಷ ಕಪ್ಪು ಪರದೆಯಲ್ಲೇ ಕೂರುವುದುಂಟು. ಅದು ದೋಷವಲ್ಲ, ನಡುವೆ ಕರೆಂಟು ತೆಗೆಯಬಾರದು.

ಪ್ರತಿ ಸಲ ಆನ್ ಮಾಡಿದಾಗಲೂ ಎಫ್1 ಒತ್ತುವಂತೆ ಕೇಳುತ್ತಿದ್ದರೆ, ಗಡಿಯಾರ ಹಳೆಯ ಯಾವುದೋ ವರ್ಷಕ್ಕೆ ಹೋಗಿ ನಿಲ್ಲುತ್ತಿದ್ದರೆ, ಮದರ್‌ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿ ಸತ್ತಿದೆ. ಸಿಆರ್2032 ಎಂಬ ಈ 3 ವೋಲ್ಟ್ ಬ್ಯಾಟರಿ ಕಂಪ್ಯೂಟರ್ ಬಿಡಿಭಾಗಗಳಲ್ಲೆಲ್ಲ ಅಗ್ಗದ್ದು. ಅದು ಸತ್ತಾಗ ಬಯೋಸಿನ ಸೆಟ್ಟಿಂಗ್‌ಗಳು ಮರೆತುಹೋಗಿ ತಪಾಸಣೆ ಉದ್ದವಾಗುತ್ತದೆ. ದಿನಾಂಕ ತಪ್ಪಿರುವುದರಿಂದ ಬ್ಯಾಂಕಿನ ಜಾಲತಾಣಗಳೂ ಸುರಕ್ಷತೆಯ ಎಚ್ಚರಿಕೆ ತೋರಿಸಿ ತೆರೆಯಲು ನಿರಾಕರಿಸುತ್ತವೆ.

ಚುಕ್ಕೆಗಳು ಸುತ್ತುವ ಹೊತ್ತು

ಎರಡನೆಯ ಅಂಕಿ ದೊಡ್ಡದಿದ್ದರೆ ಅನುಮಾನ ಡಿಸ್ಕ್, ಡ್ರೈವರ್, ಸರ್ವಿಸ್ ಈ ಮೂರರ ಮೇಲೆ. ಇವುಗಳಲ್ಲಿ ಡಿಸ್ಕಿನ ಪಾತ್ರ ಎಷ್ಟು ದೊಡ್ಡದೆಂದು ತಿಳಿಯಲು ಅದರ ಒಳಗೆ ಇಣುಕಬೇಕು. ಡೆಸ್ಕ್‌ಟಾಪ್‌ನ ಹಾರ್ಡ್ ಡಿಸ್ಕಿನ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 120 ಸುತ್ತು. ಬೇಕಾದ ಮಾಹಿತಿ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಇದು ಸುಮಾರು 4 ಮಿಲಿಸೆಕೆಂಡು. ಮುಳ್ಳು ಒಂದು ಜಾಗದಿಂದ ಇನ್ನೊಂದಕ್ಕೆ ಸರಿಯಲು ಮತ್ತೆ 9 ಮಿಲಿಸೆಕೆಂಡಿನಷ್ಟು. ಅಲ್ಲೊಂದು ಇಲ್ಲೊಂದು ಎಂದು ಚದುರಿಬಿದ್ದ ಚಿಕ್ಕ ಚಿಕ್ಕ ತುಣುಕುಗಳನ್ನು ಓದಬೇಕಾದಾಗ ಸೆಕೆಂಡಿಗೆ ಎಪ್ಪತ್ತು ಎಂಬತ್ತು ಬಾರಿಗಿಂತ ಹೆಚ್ಚು ಅದರಿಂದ ಆಗದು. ವಿಂಡೋಸ್ ಏಳುವಾಗ ಓದಬೇಕಾದ ತುಣುಕುಗಳು ಸಾವಿರಗಟ್ಟಲೆ. ಎಸ್ಎಸ್‌ಡಿಯಲ್ಲಿ ತಿರುಗುವುದೂ ಇಲ್ಲ, ಸರಿಯುವುದೂ ಇಲ್ಲ. ಒಂದು ತುಣುಕು ಹುಡುಕಲು ಮಿಲಿಸೆಕೆಂಡಿನ ಹತ್ತನೆಯ ಒಂದು ಪಾಲಿನಷ್ಟು ಸಮಯ ಸಾಕು. ಹಳೆಯ ಲ್ಯಾಪ್‌ಟಾಪಿಗೆ ಎಸ್ಎಸ್‌ಡಿ ಹಾಕಿಸಿದವರು ‘ಹೊಸದೇ ಆಯಿತು’ ಎನ್ನುವುದರ ಹಿಂದಿನ ಗುಟ್ಟು ಇಷ್ಟೇ. ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟದಲ್ಲಿ ಡಿಸ್ಕಿನ ಹೆಸರಿನ ಕೆಳಗೆ ಎಚ್‌ಡಿಡಿ ಎಂದಿದೆಯೋ ಎಸ್ಎಸ್‌ಡಿ ಎಂದಿದೆಯೋ ನೋಡಿದರೆ ಮನೆಯ ಯಂತ್ರದಲ್ಲಿರುವುದು ಯಾವುದೆಂದು ತಿಳಿಯುತ್ತದೆ.

ಹಾರ್ಡ್ ಡಿಸ್ಕ್ ಮೊದಲೇ ನಿಧಾನ. ಅದು ಕೆಡತೊಡಗಿದರೆ ಇನ್ನೂ ನಿಧಾನ. ಹಾಳಾದ ಒಂದು ಜಾಗವನ್ನು ಓದಲು ಮತ್ತೆ ಮತ್ತೆ ಯತ್ನಿಸುತ್ತಾ ಅದು ಹಲವು ಸೆಕೆಂಡು ಕಳೆಯುತ್ತದೆ. ಇವೆಂಟ್ ವ್ಯೂವರಿನ ಸಿಸ್ಟಮ್ ದಾಖಲೆಯಲ್ಲಿ ‘ಡಿಸ್ಕ್’ ಹೆಸರಿನ ಕೆಳಗೆ 7 ಎಂಬ ಸಂಖ್ಯೆ ಕಂಡರೆ ಕೆಟ್ಟ ಜಾಗ ಸಿಕ್ಕಿದೆ ಎಂದು ಅರ್ಥ. ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂಥ ಉಚಿತ ತಂತ್ರಾಂಶದಲ್ಲಿ ‘ರೀಅಲೊಕೇಟೆಡ್’ ಮತ್ತು ‘ಪೆಂಡಿಂಗ್’ ಸೆಕ್ಟರ್‌ಗಳ ಅಂಕಿ ದಿನದಿಂದ ದಿನಕ್ಕೆ ಏರುತ್ತಿದ್ದರೂ ಸೂಚನೆ ಅದೇ. ಆಗ ವೇಗದ ಮಾತು ಬದಿಗಿರಲಿ. ಮೊದಲು ಫೋಟೊ, ಕಡತ, ಮಕ್ಕಳ ಅಂಕಪಟ್ಟಿ ಎಲ್ಲವನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಿಕೊಳ್ಳಬೇಕು. ಕಟಕಟ ಸದ್ದು ಮಾಡುವ ಡಿಸ್ಕು ಇನ್ನೆಷ್ಟು ದಿನ ಬಾಳುತ್ತದೆ ಎಂಬುದಕ್ಕೆ ಭರವಸೆಯಿಲ್ಲ.

ಕರೆಂಟು ಪದೇ ಪದೇ ಕೈಕೊಡುವ ಊರುಗಳಲ್ಲಿ ಇನ್ನೊಂದು ಕಾರಣವೂ ಸೇರುತ್ತದೆ. ಓಡುತ್ತಿರುವಾಗಲೇ ಕರೆಂಟು ಹೋದರೆ ಬರೆಯುತ್ತಿದ್ದ ಕಡತ ಅರ್ಧಕ್ಕೆ ನಿಲ್ಲುತ್ತದೆ. ಮುಂದಿನ ಸಲ ಆನ್ ಮಾಡಿದಾಗ ವಿಂಡೋಸ್ ‘ಸ್ಕ್ಯಾನಿಂಗ್ ಅಂಡ್ ರಿಪೇರಿಂಗ್ ಡ್ರೈವ್’ ಎಂದು ಡಿಸ್ಕನ್ನು ಜಾಲಾಡತೊಡಗಬಹುದು. ಅದನ್ನು ನಡುವೆ ತಡೆಯದೆ ಮುಗಿಯಲು ಬಿಡಬೇಕು. ಮನೆಗೆ ಇನ್ವರ್ಟರ್ ಇದ್ದೂ ಕರೆಂಟು ಹೋದಾಗಲೆಲ್ಲ ಡೆಸ್ಕ್‌ಟಾಪ್ ರೀಸ್ಟಾರ್ಟ್ ಆಗುತ್ತಿದ್ದರೆ, ಇನ್ವರ್ಟರ್ ಬದಲಿ ವಿದ್ಯುತ್ ಕೊಡುವುದು ಕಂಪ್ಯೂಟರ್ ತಡೆದುಕೊಳ್ಳುವುದಕ್ಕಿಂತ ತಡವಾಗುತ್ತಿದೆ ಎಂದರ್ಥ. ಬಹಳಷ್ಟು ಇನ್ವರ್ಟರ್‌ಗಳ ಹಿಂಬದಿಯಲ್ಲಿ ‘ಯುಪಿಎಸ್ ಮೋಡ್’ ಎಂಬ ಸ್ವಿಚ್ ಇರುತ್ತದೆ. ಅದನ್ನು ಆ ಬದಿಗೆ ಹಾಕಿದರೆ ಈ ಅಂತರ ಕಿರಿದಾಗುತ್ತದೆ. ಆ ಸ್ವಿಚ್ ಇಲ್ಲದಿದ್ದರೆ ಕಂಪ್ಯೂಟರಿಗೆಂದೇ ಒಂದು ಚಿಕ್ಕ ಯುಪಿಎಸ್ ಬೇಕು.

ಪಾಸ್‌ವರ್ಡ್ ಕೊಟ್ಟ ಮೇಲೆ

ಮನೆ ಕಂಪ್ಯೂಟರುಗಳಲ್ಲಿ ಹೆಚ್ಚಾಗಿ ಉದ್ದವಾಗುವುದು ಮೂರನೆಯ ಅಂಕಿ. ಡೆಸ್ಕ್‌ಟಾಪ್ ಕಾಣುತ್ತದೆ, ಮೌಸ್ ಬಾಣವೂ ಓಡಾಡುತ್ತದೆ, ಆದರೆ ಏನು ಒತ್ತಿದರೂ ಏಳುವುದಿಲ್ಲ. ಹಿನ್ನೆಲೆಯಲ್ಲಿ ಹತ್ತಾರು ತಂತ್ರಾಂಶಗಳು ಒಮ್ಮೆಗೇ ಬಾಗಿಲಿಗೆ ನುಗ್ಗಿರುತ್ತವೆ.

ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪುಟದಲ್ಲಿ ಇವುಗಳ ಪಟ್ಟಿಯಿದೆ. ಪ್ರತಿ ಹೆಸರಿನ ಎದುರು ಹೈ, ಮೀಡಿಯಂ, ಲೋ ಎಂಬ ಶ್ರೇಣಿ ಇರುತ್ತದೆ. ಇದು ಅಂದಾಜಲ್ಲ, ಅಳೆದು ಹಾಕಿದ ಗುರುತು. ಆರಂಭದಲ್ಲಿ ಪ್ರೊಸೆಸರಿನ ಒಂದು ಸೆಕೆಂಡಿಗಿಂತ ಹೆಚ್ಚು ಸಮಯ ಅಥವಾ ಡಿಸ್ಕಿನಲ್ಲಿ 3 ಎಂಬಿಗಿಂತ ಹೆಚ್ಚು ಓದು-ಬರಹ ತೆಗೆದುಕೊಂಡದ್ದು ಹೈ. 300 ಮಿಲಿಸೆಕೆಂಡು ಹಾಗೂ 300 ಕೆಬಿಗಿಂತ ಕಡಿಮೆಯಲ್ಲಿ ಮುಗಿಸಿದ್ದು ಲೋ. ಬೇಡದ್ದರ ಮೇಲೆ ಬಲ ಕ್ಲಿಕ್ ಮಾಡಿ ‘ಡಿಸೇಬಲ್’ ಆರಿಸಿದರೆ ಆ ತಂತ್ರಾಂಶ ಅಳಿಸಿಹೋಗುವುದಿಲ್ಲ. ಕರೆದಾಗ ಮಾತ್ರ ಬರುತ್ತದೆ. ಮೀಟಿಂಗ್ ತಂತ್ರಾಂಶ, ಹಾಡು ಕೇಳಿಸುವ ಆ್ಯಪ್, ಆಟದ ಅಂಗಡಿ, ಪ್ರಿಂಟರ್ ಕಂಪನಿಯ ಸಹಾಯಕ, ನಾನಾ ಬಗೆಯ ಅಪ್‌ಡೇಟರ್‌ಗಳು ಇವೆಲ್ಲ ಸಾಮಾನ್ಯವಾಗಿ ನಿಲ್ಲಿಸಬಹುದಾದವು. ಟಚ್‌ಪ್ಯಾಡ್ ಮತ್ತು ಧ್ವನಿಗೆ ಸಂಬಂಧಿಸಿದವು, ಆಂಟಿವೈರಸ್, ದಿನವೂ ಬೇಕಾಗುವ ನುಡಿ ಅಥವಾ ಬರಹದಂಥ ಕನ್ನಡ ಟೈಪಿಂಗ್ ತಂತ್ರಾಂಶ ಇವನ್ನು ಇರುವಂತೆಯೇ ಬಿಡಬೇಕು.

ಆಂಟಿವೈರಸ್ ಒಂದೇ ಇರಬೇಕು. ವಿಂಡೋಸಿನ ಜತೆಗೇ ಡಿಫೆಂಡರ್ ಬರುತ್ತದೆ. ಬೇರೊಂದು ಹಾಕಿದರೆ ಅದು ತಾನಾಗಿ ಹಿಂದೆ ಸರಿಯುತ್ತದೆ. ಆದರೆ ಹೊರಗಿನವು ಎರಡಿದ್ದರೆ ತೆರೆಯುವ ಪ್ರತಿ ಕಡತವನ್ನೂ ಎರಡೂ ತಡೆದು ತಪಾಸಣೆ ಮಾಡುತ್ತವೆ.

ಪಟ್ಟಿ ಸಣ್ಣದಾದರೂ ನಿಧಾನ ಹೋಗದಿದ್ದರೆ ‘ಕ್ಲೀನ್ ಬೂಟ್’ ಎಂಬ ಕ್ರಮವಿದೆ. ಸ್ಟಾರ್ಟ್ ಮೆನುವಿನಲ್ಲಿ ಸಿಸ್ಟಮ್ ಕಾನ್ಫಿಗರೇಶನ್ ಹುಡುಕಿ ತೆರೆದು, ಸರ್ವಿಸಸ್ ಪುಟದಲ್ಲಿ ಮೈಕ್ರೋಸಾಫ್ಟಿನ ಸೇವೆಗಳನ್ನು ಮರೆಮಾಡುವ ಚೌಕಕ್ಕೆ ಮೊದಲು ಗುರುತು ಹಾಕಬೇಕು. ಇದನ್ನು ಮರೆತರೆ ವಿಂಡೋಸಿಗೆ ಅಗತ್ಯವಾದವೂ ನಿಂತುಹೋಗುತ್ತವೆ. ಉಳಿದವನ್ನೆಲ್ಲ ನಿಲ್ಲಿಸಿ ರೀಸ್ಟಾರ್ಟ್ ಮಾಡಿದಾಗ ಯಂತ್ರ ಚುರುಕಾದರೆ ಕಳ್ಳ ಆ ಗುಂಪಿನಲ್ಲೇ ಇದ್ದಾನೆ. ಒಂದೊಂದನ್ನೇ ಪರೀಕ್ಷಿಸುವ ಬದಲು ಅರ್ಧ ಗುಂಪನ್ನು ಮತ್ತೆ ಚಾಲೂ ಮಾಡಿ ನೋಡಬೇಕು. ನಿಧಾನ ಮರಳಿದರೆ ತಪ್ಪಿತಸ್ಥ ಆ ಅರ್ಧದಲ್ಲಿದ್ದಾನೆ, ಇಲ್ಲದಿದ್ದರೆ ಉಳಿದರ್ಧದಲ್ಲಿ. ಹದಿನಾರು ಸೇವೆಗಳಿದ್ದರೂ ಹೀಗೆ ನಾಲ್ಕೇ ರೀಸ್ಟಾರ್ಟಿನಲ್ಲಿ ಒಂದಕ್ಕೆ ಬಂದು ನಿಲ್ಲಬಹುದು. ಪತ್ತೆಯಾದ ಮೇಲೆ ಉಳಿದ ಹದಿನೈದನ್ನೂ ಮೊದಲಿನಂತೆ ಮಾಡಬೇಕು.

ರ‍್ಯಾಮ್ ಸಾಲದ ಯಂತ್ರದಲ್ಲೂ ಇದೇ ತಿಣುಕಾಟ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಸಾಕೆಂದು ಮೈಕ್ರೋಸಾಫ್ಟ್ ಹೇಳುತ್ತದೆ, ಆದರೆ ಅದು ಹೊಸಿಲು ದಾಟಲು ಬೇಕಾದಷ್ಟು ಮಾತ್ರ. ರ‍್ಯಾಮ್ ತುಂಬಿದಾಗ ವಿಂಡೋಸ್ ಡಿಸ್ಕಿನ ಒಂದು ಭಾಗವನ್ನೇ ರ‍್ಯಾಮಿನಂತೆ ಬಳಸತೊಡಗುತ್ತದೆ. ಆ ಭಾಗಕ್ಕೆ ಪೇಜ್ ಫೈಲ್ ಎಂದು ಹೆಸರು. ಡಿಸ್ಕು ಹಳೆಯ ಮಾದರಿಯದಾದರೆ ಎಲ್ಲವೂ ಅದರ ವೇಗಕ್ಕೆ ಇಳಿಯುತ್ತದೆ. ಬ್ರೌಸರ್ ಮತ್ತು ಮಕ್ಕಳ ಆನ್‌ಲೈನ್ ಪಾಠಕ್ಕೆ 8 ಜಿಬಿ ಇದ್ದರೆ ನೆಮ್ಮದಿ.

ಫಾಸ್ಟ್ ಸ್ಟಾರ್ಟಪ್ ಎಂಬ ಒಳದಾರಿ

2012ರಲ್ಲಿ ಬಂದ ವಿಂಡೋಸ್ 8ರಿಂದ ಈಚೆಗೆ ‘ಶಟ್‌ಡೌನ್’ ಎಂಬುದರ ಅರ್ಥವೇ ಬದಲಾಗಿದೆ. ಫಾಸ್ಟ್ ಸ್ಟಾರ್ಟಪ್ ಚಾಲೂ ಇರುವ ಯಂತ್ರದಲ್ಲಿ ಶಟ್‌ಡೌನ್ ಮಾಡಿದಾಗ ಬಳಕೆದಾರರ ತಂತ್ರಾಂಶಗಳು ಮಾತ್ರ ಮುಚ್ಚುತ್ತವೆ. ಕರ್ನೆಲ್ ಮತ್ತು ಡ್ರೈವರ್‌ಗಳ ಸ್ಥಿತಿ ಹಾಗೆಯೇ ಡಿಸ್ಕಿನ ಒಂದು ಕಡತಕ್ಕೆ ಬರೆದಿಡಲ್ಪಡುತ್ತದೆ. ಮರುದಿನ ಎಲ್ಲವನ್ನೂ ಹೊಸದಾಗಿ ಜೋಡಿಸುವ ಬದಲು ಆ ಕಡತವನ್ನು ಓದಿಕೊಂಡರೆ ಮುಗಿಯಿತು. ಪೂರ್ತಿ ಶುದ್ಧವಾಗಿ ಏಳುವುದು ರೀಸ್ಟಾರ್ಟ್ ಮಾಡಿದಾಗ.

ಇದಕ್ಕೆ ಸಾಕ್ಷಿ ಟಾಸ್ಕ್ ಮ್ಯಾನೇಜರಿನಲ್ಲೇ ಇದೆ. ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು ಆರಿಸಿದರೆ ಕೆಳಗೆ ‘ಅಪ್ ಟೈಮ್’ ಎಂಬ ಅಂಕಿಯಿರುತ್ತದೆ. ರಾತ್ರಿ ತಪ್ಪದೆ ಆಫ್ ಮಾಡುವ ಕಂಪ್ಯೂಟರಿನಲ್ಲೂ ಅದು 12 ದಿನ, 20 ದಿನ ಎಂದು ತೋರಿಸುವುದುಂಟು. ವಿಂಡೋಸಿನ ಲೆಕ್ಕದಲ್ಲಿ ಯಂತ್ರ ಅಷ್ಟು ದಿನವೂ ಆಫ್ ಆಗಿಯೇ ಇಲ್ಲ. ಯಾವುದಾದರೂ ಡ್ರೈವರ್ ಹದಗೆಟ್ಟಿದ್ದರೆ ಆ ಕೆಟ್ಟ ಸ್ಥಿತಿಯೂ ದಿನದಿಂದ ದಿನಕ್ಕೆ ಸಾಗಿಬರುತ್ತದೆ. ನಿಧಾನದ ದೂರಿಗೆ ಎಲ್ಲಕ್ಕಿಂತ ಮೊದಲು ಒಮ್ಮೆ ರೀಸ್ಟಾರ್ಟ್ ಮಾಡಿ ನೋಡಬೇಕು ಎನ್ನುವುದು ಇದಕ್ಕೇ. ಶಿಫ್ಟ್ ಕೀಲಿ ಒತ್ತಿ ಹಿಡಿದು ಶಟ್‌ಡೌನ್ ಆರಿಸಿದರೂ ಯಂತ್ರ ಪೂರ್ತಿಯಾಗಿ ಆಫ್ ಆಗುತ್ತದೆ.

ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಶನ್ಸ್‌ನಲ್ಲಿ, ಪವರ್ ಬಟನ್ ಏನು ಮಾಡಬೇಕೆಂದು ಆರಿಸುವ ಪುಟದಲ್ಲಿ ಈ ಸೌಲಭ್ಯವನ್ನು ನಿಲ್ಲಿಸಬಹುದು. ಹಾರ್ಡ್ ಡಿಸ್ಕ್ ಇರುವ ಯಂತ್ರಕ್ಕೆ ಫಾಸ್ಟ್ ಸ್ಟಾರ್ಟಪ್‌ನಿಂದ ನಿಜಕ್ಕೂ ಲಾಭವಿದೆ. ಎಸ್ಎಸ್‌ಡಿ ಇರುವಲ್ಲಿ ಉಳಿಯುವುದು ಕೆಲವೇ ಸೆಕೆಂಡು, ಆದ್ದರಿಂದ ತೊಂದರೆ ಕೊಡುತ್ತಿದ್ದರೆ ತೆಗೆದುಬಿಟ್ಟರೆ ನಷ್ಟವಿಲ್ಲ. ಅದೇ ಯಂತ್ರದಲ್ಲಿ ಲಿನಕ್ಸ್ ಕೂಡ ಇಟ್ಟುಕೊಂಡವರು ಇದನ್ನು ನಿಲ್ಲಿಸುವುದೇ ಒಳ್ಳೆಯದು. ವಿಂಡೋಸ್ ಅರೆನಿದ್ದೆಯಲ್ಲಿರುವಾಗ ಅದರ ಡಿಸ್ಕಿಗೆ ಲಿನಕ್ಸಿನಿಂದ ಬರೆಯುವುದು ಅಪಾಯ.

ಆಫ್ ಆಗಲೊಲ್ಲದ ಯಂತ್ರ

ಮುಚ್ಚುವ ಕೆಲಸಕ್ಕೂ ಕ್ರಮವಿದೆ. ಶಟ್‌ಡೌನ್ ಒತ್ತಿದೊಡನೆ ತೆರೆದಿರುವ ಪ್ರತಿ ತಂತ್ರಾಂಶಕ್ಕೂ ‘ಮುಚ್ಚಿಕೊಳ್ಳಿ’ ಎಂಬ ಸೂಚನೆ ಹೋಗುತ್ತದೆ. ಸುಮಾರು 5 ಸೆಕೆಂಡಿನಲ್ಲಿ ಒಪ್ಪದಿದ್ದರೆ ಅದರ ಹೆಸರು ತೋರಿಸಿ, ಹಾಗೆಯೇ ಆಫ್ ಮಾಡಲೇ ಎಂದು ವಿಂಡೋಸ್ ಕೇಳುತ್ತದೆ. ಉಳಿಸದ ಪತ್ರವೊಂದು ವರ್ಡ್‌ನಲ್ಲಿ ತೆರೆದಿದ್ದರೆ ಆ ಪ್ರಶ್ನೆಗೆ ಉತ್ತರ ಸಿಗುವವರೆಗೂ ಯಂತ್ರ ಕಾಯಬಹುದು. ಶಟ್‌ಡೌನ್ ಒತ್ತಿ ಪರದೆ ನೋಡದೆ ಎದ್ದುಹೋದವರಿಗೆ ಬೆಳಿಗ್ಗೆ ಕಂಪ್ಯೂಟರ್ ಆನ್ ಆಗಿಯೇ ಸಿಗುತ್ತದೆ. ತಂತ್ರಾಂಶಗಳು ಮುಚ್ಚಿದ ಮೇಲೆ ಸರ್ವಿಸ್‌ಗಳ ಸರದಿ. ಕೊನೆಗೆ ರ‍್ಯಾಮಿನಲ್ಲಿ ಉಳಿದ ಮಾಹಿತಿ ಡಿಸ್ಕಿಗೆ ಇಳಿದು ವಿದ್ಯುತ್ ಕಡಿಯುತ್ತದೆ.

ಆರಂಭದ ಲೆಕ್ಕ ಬರೆದಿಟ್ಟ ಪುಸ್ತಕದಲ್ಲೇ ಮುಕ್ತಾಯದ ಲೆಕ್ಕವೂ ಇದೆ. 200 ಎಂಬ ನಮೂದು ಆಫ್ ಆಗಲು ಹಿಡಿದ ಸಮಯ. 201 ತಡಮಾಡಿದ ತಂತ್ರಾಂಶ, 202 ಸಾಧನ, 203 ಸರ್ವಿಸ್. ಎಲ್ಲವನ್ನೂ ಕೈಯಾರೆ ಮುಚ್ಚಿ, ಪ್ರಿಂಟರ್ ಮತ್ತು ಹೊರಗಿನ ಡಿಸ್ಕುಗಳನ್ನು ಕಿತ್ತು ಆಫ್ ಮಾಡಿದಾಗ ಬೇಗ ಮುಗಿದರೆ ಅವುಗಳಲ್ಲೊಂದು ಕಾರಣ. ಅವುಗಳ ಡ್ರೈವರನ್ನು ತಯಾರಕರ ಜಾಲತಾಣದಿಂದ ಹೊಸದಾಗಿ ಹಾಕಿಕೊಂಡರೆ ಬಹಳ ಸಲ ಸರಿಹೋಗುತ್ತದೆ.

ಕೆಲವು ಯಂತ್ರಗಳಲ್ಲಿ ಕಾರಣ ಇನ್ನೂ ಒಳಗಿರುತ್ತದೆ. ಆಫ್ ಆಗುವಾಗ ಪೇಜ್ ಫೈಲನ್ನು ಸೊನ್ನೆಗಳಿಂದ ತುಂಬಿ ಅಳಿಸಿಬಿಡುವ ಒಂದು ಸೆಟ್ಟಿಂಗ್ ವಿಂಡೋಸಿನಲ್ಲಿದೆ. ಗುಟ್ಟಿನ ಕಡತಗಳಿರುವ ಕಚೇರಿಗಳಿಗೆಂದು ಇಟ್ಟ ಇದು ಸಹಜವಾಗಿ ಆಫ್ ಆಗಿಯೇ ಇರುತ್ತದೆ. ಯಾವುದೋ ‘ಸುರಕ್ಷತಾ’ ತಂತ್ರಾಂಶವೋ ಯಾರದೋ ಸಲಹೆಯೋ ಇದನ್ನು ಚಾಲೂ ಮಾಡಿದ್ದರೆ, ಸೆಕೆಂಡಿಗೆ 100 ಎಂಬಿ ಬರೆಯುವ ಹಾರ್ಡ್ ಡಿಸ್ಕಿನಲ್ಲಿ 8 ಜಿಬಿ ಪೇಜ್ ಫೈಲ್ ಅಳಿಸಲು ಎಂಬತ್ತು ಸೆಕೆಂಡು ಬೇಕು. ದಿನವೂ ಒಂದೇ ಬಗೆಯಲ್ಲಿ ಒಂದೆರಡು ನಿಮಿಷ ತಡವಾಗುತ್ತಿದ್ದರೆ ಇದನ್ನೂ ಒಮ್ಮೆ ನೋಡಿಸಬೇಕು.

ಅಪ್‌ಡೇಟ್ ಇದ್ದ ದಿನ ತಡವಾಗುವುದು ಸಹಜ. ‘ಅಪ್‌ಡೇಟ್ ಅಂಡ್ ಶಟ್‌ಡೌನ್’ ಎಂದಿರುವಾಗ ಶೇಕಡಾವಾರು ಅಂಕಿ ಒಂದೇ ಕಡೆ ನಿಂತಂತೆ ಕಂಡರೂ ಪ್ಲಗ್ ಕೀಳಬಾರದು. ಡಿಸ್ಕಿನ ದೀಪ ಮಿಣುಕುತ್ತಿದ್ದರೆ ಕೆಲಸ ನಡೆಯುತ್ತಿದೆ. ಪವರ್ ಬಟನ್ ಒತ್ತಿ ಹಿಡಿದು ಬಲವಂತವಾಗಿ ಆಫ್ ಮಾಡುವುದು ಬೇರೆ ದಾರಿಯೇ ಇಲ್ಲದಾಗ ಮಾತ್ರ.

ಲಿನಕ್ಸ್ ಬಳಸುವವರಿಗೂ ಇಂಥದೇ ಅನುಭವವಿದೆ. ಆಫ್ ಆಗುವಾಗ ‘ಎ ಸ್ಟಾಪ್ ಜಾಬ್ ಈಸ್ ರನ್ನಿಂಗ್’ ಎಂಬ ಸಾಲಿನ ಪಕ್ಕ ಒಂದೂವರೆ ನಿಮಿಷದ ಎಣಿಕೆ ಓಡುತ್ತದೆ. ಹಠ ಹಿಡಿದ ಸೇವೆಗೆ, ಲಿನಕ್ಸಿನಲ್ಲಿ ಸೇವೆಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿ ಕೊಡುವ ರೂಢಿಯ ಗಡುವು 90 ಸೆಕೆಂಡು. ಆ ಸೇವೆಯ ಹೆಸರು ಅದೇ ಸಾಲಿನಲ್ಲಿರುವುದರಿಂದ ಹುಡುಕಾಟ ಅಷ್ಟರಮಟ್ಟಿಗೆ ಸುಲಭ.

ಕೈಹಾಕಬಾರದ ಕಡೆ

ಒಂದೇ ಕ್ಲಿಕ್ಕಿನಲ್ಲಿ ವೇಗ ಹೆಚ್ಚಿಸುತ್ತೇವೆ ಎನ್ನುವ ಬೂಸ್ಟರ್‌ಗಳು, ವಿಂಡೋಸಿನ ಸೆಟ್ಟಿಂಗ್‌ಗಳ ಭಂಡಾರವಾದ ರಿಜಿಸ್ಟ್ರಿಯನ್ನು ಶುಚಿ ಮಾಡುವ ಕ್ಲೀನರ್‌ಗಳು ಬಹುಪಾಲು ತಾವೇ ಸ್ಟಾರ್ಟಪ್ ಪಟ್ಟಿಗೆ ಸೇರಿಕೊಂಡು ಇನ್ನೊಂದು ಹೊರೆಯಾಗುತ್ತವೆ. ಸಿಸ್ಟಮ್ ಕಾನ್ಫಿಗರೇಶನ್‌ನಲ್ಲಿ ಪ್ರೊಸೆಸರ್‌ಗಳ ಸಂಖ್ಯೆ ಹೆಚ್ಚಿಸಿದರೆ ಬೇಗ ಏಳುತ್ತದೆ ಎಂಬುದು ಬರೀ ನಂಬಿಕೆ. ವಿಂಡೋಸ್ ಇರುವ ಎಲ್ಲವನ್ನೂ ಮೊದಲಿನಿಂದಲೇ ಬಳಸುತ್ತದೆ. ತಂತ್ರಾಂಶಗಳಿಗೆ ಕೊಡುವ ಗಡುವನ್ನು ರಿಜಿಸ್ಟ್ರಿಯಲ್ಲಿ ಕಡಿತಗೊಳಿಸಿದರೆ ಯಂತ್ರ ಬೇಗ ಆಫ್ ಆಗುತ್ತದೆ ನಿಜ, ಆದರೆ ಕಡತ ಬರೆದು ಮುಗಿಸುವ ಮೊದಲೇ ತಂತ್ರಾಂಶದ ಕುತ್ತಿಗೆ ಹಿಸುಕಿದಂತಾಗುತ್ತದೆ. ಚದುರಿದ ತುಣುಕುಗಳನ್ನು ಒಂದೆಡೆ ಜೋಡಿಸುವ ಡಿಫ್ರಾಗ್ಮೆಂಟ್ ಹಳೆಯ ಹಾರ್ಡ್ ಡಿಸ್ಕಿಗೆ ಹೇಳಿದ ಮದ್ದು, ಎಸ್ಎಸ್‌ಡಿಗೆ ಅದರ ಅಗತ್ಯವಿಲ್ಲ. ವಿಂಡೋಸ್ ಎರಡನ್ನೂ ಗುರುತಿಸಿ ತಕ್ಕ ಆರೈಕೆಯನ್ನು ತಾನೇ ಮಾಡಿಕೊಳ್ಳುತ್ತದೆ.

ಖರ್ಚಿನ ಕ್ರಮದಲ್ಲಿ ಹೋದರೆ ರೀಸ್ಟಾರ್ಟ್, ಯುಎಸ್‌ಬಿ ಕಿತ್ತು ನೋಡುವುದು, ಸ್ಟಾರ್ಟಪ್ ಪಟ್ಟಿ, ಕ್ಲೀನ್ ಬೂಟ್ ಇವಕ್ಕೆ ಕಾಸು ಬೇಡ. ನಂತರ ಬ್ಯಾಟರಿ, ಆಮೇಲೆ ಎಸ್ಎಸ್‌ಡಿ, ಬೇಕಿದ್ದರೆ ರ‍್ಯಾಮ್. ಹೊಸ ಕಂಪ್ಯೂಟರಿನ ಮಾತು ಇವೆಲ್ಲ ಮುಗಿದ ಮೇಲೆ ಬರಬೇಕು. ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಟಿಪಿಎಂ 2.0 ಎಂಬ ಸುರಕ್ಷತಾ ಸೌಲಭ್ಯ ಇಲ್ಲದೆ ವಿಂಡೋಸ್ 11ಕ್ಕೆ ಅರ್ಹವಾಗದ ಯಂತ್ರಕ್ಕೆ ದುಡ್ಡು ಹಾಕುವ ಮುನ್ನ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಎಲ್ಲ ಸರಿಹೋದ ದಿನ ಮತ್ತೊಮ್ಮೆ ಸ್ಟಾಪ್‌ವಾಚ್ ಹಿಡಿದು ಆ ಮೂರು ಅಂಕಿಗಳನ್ನೂ ಆಫ್ ಆಗಲು ಹಿಡಿದ ಸಮಯವನ್ನೂ ದಿನಾಂಕದೊಂದಿಗೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಮುಂದೆಂದಾದರೂ ‘ಯಾಕೋ ನಿಧಾನವಾಗಿದೆ’ ಎನಿಸಿದಾಗ ಅದು ಬರೀ ಅನಿಸಿಕೆಯೋ ನಿಜವೋ ಎಂಬುದನ್ನು ಆ ಚೀಟಿ ಹೇಳುತ್ತದೆ.